ಬೊಮ್ಮಲಗುಟ್ಟದ ಬಂಡೆ: ಪಂಪನ ತಮ್ಮ ಬರೆಸಿದ ಶಾಸನ ಮತ್ತು ನಮ್ಮ ಹೊಣೆ

ಐಚ್ಛಿಕ ಕನ್ನಡದ ತರಗತಿಯಲ್ಲಿ ಪಂಪನ ಪಾಠ ಆರಂಭವಾದೊಡನೆ ಕವಿಯ ದೇಶ, ಕಾಲ, ಮನೆತನಗಳ ಟಿಪ್ಪಣಿ ಬರೆದುಕೊಳ್ಳುವುದು ವಾಡಿಕೆ. ತಾಯಿ ಅಬ್ಬಣಬ್ಬೆ, ಆಕೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಗನ ಮೊಮ್ಮಗಳು, ತಮ್ಮ ಜಿನವಲ್ಲಭ ಎಂದು ನಾವೆಲ್ಲರೂ ಬರೆದುಕೊಂಡಿದ್ದೇವೆ. ಪರೀಕ್ಷೆಯಲ್ಲಿ ಬರೆದು ಅಂಕಗಳನ್ನೂ ಪಡೆದಿದ್ದೇವೆ. ಆದರೆ ಈ ಸಂಗತಿಗಳು ನಮಗೆ ತಿಳಿದದ್ದು ಎಲ್ಲಿಂದ ಎಂದು ಕೇಳುವವರು ವಿರಳ. ಇವು ಪಂಪನ ಕಾವ್ಯಗಳಿಂದ ದೊರೆತವಲ್ಲ. ತೆಲಂಗಾಣದ ಕರೀಂನಗರ ಜಿಲ್ಲೆಯ ಗಂಗಾಧರ ಮಂಡಲದಲ್ಲಿ ಕುರಿಕ್ಯಾಲ ಎಂಬ ಊರಿದೆ. ಆ ಊರಿನ ಬಳಿಯ ಗುಟ್ಟದ ಬಂಡೆಯೊಂದರ ಮೇಲೆ ಕೊರೆದಿರುವ ಅಕ್ಷರಗಳಿಂದ ಇವು ನಮಗೆ ತಿಳಿದಿವೆ.

ಆ ಬಂಡೆಯಲ್ಲಿ ಏನಿದೆ, ಅದನ್ನು ಓದುವ ಪರಂಪರೆ ನಮ್ಮ ಈ ಸೀಮೆಯಲ್ಲಿ ಹೇಗೆ ಬೆಳೆಯಿತು, ಇಂದು ಇಂತಹ ನೆಲೆಗಳಿಗೆ ಒದಗಿರುವ ಅಪಾಯವೇನು, ಕನ್ನಡದ ವಿದ್ಯಾರ್ಥಿಗಳಾದ ನಮಗೆ ಅದರಲ್ಲಿ ಇರುವ ಪಾಲೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಬಂಡೆ ಹೇಳುವುದೇನು?

ಈ ಗುಟ್ಟವನ್ನು ಊರಿನವರು ಬೊಮ್ಮಲಗುಟ್ಟ ಎನ್ನುತ್ತಾರೆ. ತೆಲುಗಿನಲ್ಲಿ ಬೊಮ್ಮಲು ಎಂದರೆ ಬೊಂಬೆಗಳು. ಬಂಡೆಯ ಮುಖದಲ್ಲಿ ಚಕ್ರೇಶ್ವರಿಯ ಮತ್ತು ಜಿನರ ಉಬ್ಬುಶಿಲ್ಪಗಳಿರುವುದರಿಂದ ಈ ಹೆಸರು ಬಂದಿದೆ. ಅವುಗಳ ಕೆಳಗೆ ಹತ್ತನೆಯ ಶತಮಾನದ ನಡುಭಾಗದ ಶಾಸನವಿದೆ. ಅದನ್ನು ಬರೆಸಿದವನು ಪಂಪನ ತಮ್ಮ ಜಿನವಲ್ಲಭ. ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಅದರ ತೆಲುಗು ಭಾಗದಲ್ಲಿರುವ ಮೂರು ಕಂದಪದ್ಯಗಳು ನನ್ನಯನಿಗಿಂತ ಸುಮಾರು ನೂರು ವರ್ಷ ಹಿಂದಿನವು. ಆದಕಾರಣ ತೆಲುಗಿನ ವಿದ್ವಾಂಸರಿಗೂ ಈ ಬಂಡೆ ಅಮೂಲ್ಯವಾದುದು. ಒಂದೇ ಬಂಡೆ ಎರಡು ಸಾಹಿತ್ಯಗಳ ಆರಂಭಕಾಲಕ್ಕೆ ಸಾಕ್ಷಿಯಾಗಿ ನಿಂತಿದೆ.

ಕನ್ನಡ ಭಾಗದಲ್ಲಿ ಮನೆತನದ ವಿವರ ಬರುತ್ತದೆ. ಶ್ರೀವತ್ಸ ಗೋತ್ರ, ವೇಂಗಿನಾಡಿನ ಮೂಲ, ಅಭಿಮಾನಚಂದ್ರನ ವಂಶ, ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ ಇವೆಲ್ಲ ಅಲ್ಲಿ ಉಕ್ತವಾಗಿವೆ. ಜಿನವಲ್ಲಭನು ಈ ಬಂಡೆಯಲ್ಲಿ ತನ್ನ ಕುಲದೈವವಾದ ಚಕ್ರೇಶ್ವರಿಯನ್ನೂ ಜಿನಬಿಂಬಗಳನ್ನೂ ಮಾಡಿಸಿದನೆಂದು, ತ್ರಿಭುವನತಿಲಕವೆಂಬ ಬಸದಿಯನ್ನೂ ಕವಿತಾಗುಣಾರ್ಣವವೆಂಬ ಕೆರೆಯನ್ನೂ ಮದನವಿಲಾಸವೆಂಬ ಬನವನ್ನೂ ನಿರ್ಮಿಸಿದನೆಂದು ಶಾಸನ ತಿಳಿಸುತ್ತದೆ. ಕವಿತಾಗುಣಾರ್ಣವ ಎಂಬುದು ಪಂಪನ ಬಿರುದು. ತಮ್ಮನು ತಾನು ಕಟ್ಟಿಸಿದ ಕೆರೆಗೆ ಅಣ್ಣನ ಬಿರುದನ್ನಿಟ್ಟನು. ವಿಕ್ರಮಾರ್ಜುನ ವಿಜಯವನ್ನು ರಚಿಸಿದ್ದಕ್ಕಾಗಿ ಅರಿಕೇಸರಿಯು ಪಂಪನಿಗೆ ಧರ್ಮಪುರವೆಂಬ ಅಗ್ರಹಾರವನ್ನು ಕೊಟ್ಟ ಸಂಗತಿಯೂ ಇಲ್ಲಿದೆ.

ಈಗ ಕಾವ್ಯವನ್ನೂ ಶಾಸನವನ್ನೂ ಜೊತೆಯಲ್ಲಿಟ್ಟು ನೋಡೋಣ. ಪಂಪನು ವಿಕ್ರಮಾರ್ಜುನ ವಿಜಯದ ಕೊನೆಯಲ್ಲಿ ತನ್ನ ವಂಶವನ್ನು ಹೇಳಿಕೊಂಡಿದ್ದಾನೆ. ಮಾಧವ ಸೋಮಯಾಜಿಯಿಂದ ತೊಡಗಿ ಅಭಿಮಾನಚಂದ್ರ, ಕೊಮರಯ್ಯ, ಅಭಿರಾಮದೇವರಾಯ ಎಂದು ಆ ಸಾಲು ಬರುತ್ತದೆ. ಧರ್ಮಪುರದ ಕೊಡುಗೆಯ ಪ್ರಸ್ತಾಪವೂ ಅಲ್ಲಿದೆ. ಅಭಿಮಾನಚಂದ್ರನ ಹೆಸರು, ವೇಂಗಿಯ ಮೂಲ, ಧರ್ಮಪುರ ಈ ಮೂರರಲ್ಲಿಯೂ ಕಾವ್ಯ ಮತ್ತು ಶಾಸನ ಹೊಂದಿಕೊಳ್ಳುತ್ತವೆ. ತಂದೆಯ ಹೆಸರು ಮಾತ್ರ ಕಾವ್ಯದಲ್ಲಿ ಒಂದು ಬಗೆಯಾಗಿ, ಶಾಸನದಲ್ಲಿ ಇನ್ನೊಂದು ಬಗೆಯಾಗಿ ಕಾಣುತ್ತದೆ. ತಾಯಿಯ ವಿಷಯದಲ್ಲಿ ಕಾವ್ಯ ಮೌನವಾಗಿದ್ದರೆ ಶಾಸನ ಆಕೆಯ ಹೆಸರನ್ನೂ ತವರನ್ನೂ ಹೇಳುತ್ತದೆ. ಕಾವ್ಯವು ಓಲೆಯಿಂದ ಓಲೆಗೆ, ಲಿಪಿಕಾರನಿಂದ ಲಿಪಿಕಾರನಿಗೆ ದಾಟಿ ನಮ್ಮ ಕೈಸೇರಿದ್ದು. ಶಾಸನವಾದರೋ ಕವಿಯ ಮನೆಯವನೇ ಬರೆಸಿದ್ದು. ಕೊರೆದ ದಿನದಂದು ಇದ್ದ ಪಾಠವೇ ಇಂದಿಗೂ ಅಲ್ಲಿದೆ. ಸಾಹಿತ್ಯಚರಿತ್ರೆಯಲ್ಲಿ ಶಾಸನಕ್ಕೆ ಇರುವ ಬೆಲೆ ಇದು.

ಸ್ಥಳವೂ ಒಂದು ಪಾಠ

ಶಾಸನದ ಪಾಠ ಪುಸ್ತಕದಲ್ಲಿ ಅಚ್ಚಾಗಿದೆ, ಛಾಯಾಚಿತ್ರಗಳಿವೆ. ಇನ್ನು ಬಂಡೆ ಇದ್ದರೇನು, ಹೋದರೇನು ಎಂದು ಕೇಳುವವರುಂಟು. ಈ ಪ್ರಶ್ನೆಗೆ ಶಾಸನವೇ ಉತ್ತರ ಕೊಡುತ್ತದೆ. ಸಬ್ಬಿನಾಡಿನ ನಟ್ಟನಡುವೆ ಧರ್ಮಪುರವಿದೆ, ಅದರ ಉತ್ತರಕ್ಕೆ ವೃಷಭಗಿರಿಯೆಂಬ ತೀರ್ಥವಿದೆ, ಆ ಗಿರಿಯ ದಕ್ಷಿಣ ಭಾಗದ ಸಿದ್ಧಶಿಲೆಯಲ್ಲಿ ಈ ಮೂರ್ತಿಗಳಿವೆ ಎಂಬ ಅರ್ಥದ ವಿವರ ಅದರಲ್ಲಿ ಬರುತ್ತದೆ. ಅಂದರೆ ಬೊಮ್ಮಲಗುಟ್ಟವೇ ವೃಷಭಗಿರಿ. ಪಂಪನಿಗೆ ದೊರೆತ ಊರು ಯಾವುದು, ಸಬ್ಬಿನಾಡಿನ ಹರವು ಎಲ್ಲಿಯದು ಎಂದು ಹುಡುಕುವವನಿಗೆ ನಿಂತು ದಿಕ್ಕು ನೋಡಲು ಇರುವ ನೆಲೆ ಈ ಗುಟ್ಟ. ಬಂಡೆಯನ್ನು ಕಡಿದು ವಸ್ತುಸಂಗ್ರಹಾಲಯದಲ್ಲಿಟ್ಟರೆ ಅಕ್ಷರಗಳು ಉಳಿಯಬಹುದು. 'ಉತ್ತರ', 'ದಕ್ಷಿಣ' ಎಂಬ ಮಾತುಗಳ ಅರ್ಥ ಉಳಿಯದು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ವೃಷಭನು ಮೊದಲ ತೀರ್ಥಂಕರ. ಚಕ್ರೇಶ್ವರಿಯು ಆತನ ಯಕ್ಷಿ. ಪಂಪನು 941ರಲ್ಲಿ ಮುಗಿಸಿದ ಆದಿಪುರಾಣವು ಅದೇ ವೃಷಭನಾಥನ ಚರಿತೆ. ಅಣ್ಣನು ಕಾವ್ಯದಲ್ಲಿ ಹಾಡಿದ ತೀರ್ಥಂಕರನ ಹೆಸರಿನ ಗಿರಿಯಲ್ಲಿ ತಮ್ಮನು ಆ ತೀರ್ಥಂಕರನ ಯಕ್ಷಿಯನ್ನು ಕೊರೆಸಿದನು. ಸಮೀಪದ ಗಂಗಾಧರದಲ್ಲಿಯೇ ಸೋಮದೇವಸೂರಿಯು 959ರಲ್ಲಿ ಯಶಸ್ತಿಲಕವೆಂಬ ಸಂಸ್ಕೃತ ಚಂಪೂಕಾವ್ಯವನ್ನು ಪೂರ್ಣಗೊಳಿಸಿದನು. ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ ಎರಡು ದಶಕಗಳೊಳಗೆ ಕನ್ನಡ, ತೆಲುಗು, ಸಂಸ್ಕೃತಗಳ ಇಷ್ಟೊಂದು ಬರವಣಿಗೆ ಈ ಕಿರಿದಾದ ಪ್ರದೇಶದಲ್ಲಿ ನಡೆದಿದೆ. ಗುಟ್ಟ, ಕೆರೆ, ಬಸದಿಯ ನೆಲೆ, ಪಕ್ಕದ ಊರು ಇವನ್ನು ಒಟ್ಟಿಗೆ ನೋಡಿದಾಗಲೇ ಆ ಚಿತ್ರ ತುಂಬುತ್ತದೆ.

ಸಂಘ, ಇಲಾಖೆ, ಮಂಡಳಿ

ಇಂತಹ ನೆಲೆಗಳನ್ನು ಹುಡುಕಿ, ಓದಿ, ಪ್ರಕಟಿಸುವ ಕೆಲಸ ಹೈದರಾಬಾದ್ ಸಂಸ್ಥಾನದಲ್ಲಿ ಕ್ರಮಬದ್ಧವಾದದ್ದು 1914ರಿಂದ. ಆ ವರ್ಷ ನಿಜಾಮ ಸರಕಾರವು ಪುರಾತತ್ತ್ವ ಇಲಾಖೆಯನ್ನು ಸ್ಥಾಪಿಸಿ ಗುಲಾಂ ಯಜ್ದಾನಿಯವರಿಗೆ ಅದರ ಹೊಣೆ ವಹಿಸಿತು. ಅದೇ ಕಾಲದಲ್ಲಿ ಹೈದರಾಬಾದ್ ಪುರಾತತ್ತ್ವ ಸಂಘವೂ ರೂಪುಗೊಂಡಿತು. 1916ರಿಂದ ಸಂಘದ ಪತ್ರಿಕೆ ಹೊರಬರತೊಡಗಿತು. ಇಲಾಖೆಗೆ ಅಧಿಕಾರವಿತ್ತು, ಹಣವಿತ್ತು. ಸಂಘದಲ್ಲಿಯಾದರೋ ವೃತ್ತಿಯಿಂದ ಪುರಾತತ್ತ್ವಜ್ಞರಲ್ಲದ ಆಸಕ್ತರಿಗೂ ಸ್ಥಾನವಿತ್ತು. ತಾವು ಕಂಡ ಬೃಹತ್ ಶಿಲಾಗೋರಿಗಳನ್ನೋ ಹಳೆಯ ಗಣಿಗಳನ್ನೋ ಕುರಿತು ಅವರು ಬರೆಯಲು ಒಂದು ವೇದಿಕೆ ದೊರೆಯಿತು.

ಇದರ ಪ್ರಯೋಜನಕ್ಕೆ ಮಸ್ಕಿಯೇ ಸಾಕ್ಷಿ. ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ರಾಯಚೂರು ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನವನ್ನು ಕಂಡವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. 'ದೇವಾನಾಂಪ್ರಿಯ' ಎಂಬ ಬಿರುದಿನೊಂದಿಗೆ ಅಶೋಕನೆಂಬ ಹೆಸರೂ ಕಾಣಿಸಿಕೊಂಡದ್ದು ಅದರಲ್ಲಿ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿದರು. ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲ ಪುಸ್ತಕವಾಗಿ ಅದು ಪ್ರಕಟವಾಯಿತು. ಕಂಡವನು ಒಬ್ಬ, ಓದಿದವನು ಇನ್ನೊಬ್ಬ, ಪ್ರಕಟಿಸಿದ್ದು ಒಂದು ಸಂಸ್ಥೆ. ಈ ಮೂವರಲ್ಲಿ ಯಾರೊಬ್ಬರು ಇಲ್ಲದಿದ್ದರೂ ಶಾಸನ ನಮ್ಮವರೆಗೆ ಬರುತ್ತಿರಲಿಲ್ಲ. ಅದೇ ಮಾಲೆಯಲ್ಲಿ ನಾಗಾವಿಯ ಶಾಸನಗಳೂ ಕೊಪ್ಪಳದ ಕನ್ನಡ ಶಾಸನಗಳೂ ಬಂದವು. 1958ರಲ್ಲಿ ಪಿ. ಬಿ. ದೇಸಾಯಿಯವರು ಸಂಪಾದಿಸಿದ, ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಸಂಪುಟವೂ ಬಂದಿತು. ತೆಲುಗಿನ ಕಡೆಯಲ್ಲಿ ಕೊಮರ್ರಾಜು ಲಕ್ಷ್ಮಣರಾಯರ ಹೆಸರನ್ನು ಹೊತ್ತ ಲಕ್ಷ್ಮಣರಾಯ ಪರಿಶೋಧಕ ಮಂಡಳಿಯು 1935ರಲ್ಲಿ ತೆಲಂಗಾಣ ಶಾಸನಗಳ ಸಂಪುಟವನ್ನು ಹೊರತಂದಿತು. ಅದು ಸರಕಾರದ ಇಲಾಖೆಯಲ್ಲ. ಭಾಷಾಭಿಮಾನಿಗಳು ಕೂಡಿ ನಡೆಸಿದ ಮಂಡಳಿ. ಇಂದಿಗೂ ಕೊತ್ತ ತೆಲಂಗಾಣ ಚರಿತ್ರ ಬೃಂದಂ ಎಂಬ ಆಸಕ್ತರ ತಂಡ ಊರೂರು ಸುತ್ತಿ ಶಾಸನ, ವೀರಗಲ್ಲು, ಶಿಲ್ಪಗಳನ್ನು ಗುರುತಿಸುವ ಕೆಲಸದಲ್ಲಿ ತೊಡಗಿದೆ.

ಇಲ್ಲಿ ನಮಗೆ ಸಂಬಂಧಿಸಿದ ಒಂದು ತೊಡಕನ್ನು ಗುರುತಿಸಬೇಕು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಭಾಗವಾಯಿತು. ಕನ್ನಡ ಜಿಲ್ಲೆಗಳು ಮೈಸೂರಿಗೆ, ಮರಾಠಿ ಜಿಲ್ಲೆಗಳು ಮುಂಬಯಿಗೆ, ತೆಲುಗು ಜಿಲ್ಲೆಗಳು ಆಂಧ್ರಪ್ರದೇಶಕ್ಕೆ ಸೇರಿದವು. ಆದರೆ ಹತ್ತನೆಯ, ಹನ್ನೊಂದನೆಯ ಶತಮಾನದ ಶಾಸನಗಳು ಈ ಗಡಿಯನ್ನು ಅರಿಯವು. ವೇಮುಲವಾಡ, ಕೊಲನುಪಾಕ, ಆಲಂಪುರಗಳಲ್ಲಿ ಕನ್ನಡ ಶಾಸನಗಳಿವೆ. ರಾಷ್ಟ್ರಕೂಟರ ಮತ್ತು ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿ ಕನ್ನಡವು ಈ ನಾಡಿನ ಆಡಳಿತದ, ದಾನದ, ಧರ್ಮದ ಭಾಷೆಯಾಗಿತ್ತು. ಕನ್ನಡ ಜಿಲ್ಲೆಗಳ ಸಂಪುಟ ಎಂದಾಗ ಇವು ಅದರ ಹೊರಗುಳಿಯುತ್ತವೆ. ತೆಲುಗು ಶಾಸನಗಳನ್ನು ಅರಸಿ ಬಂದವರಿಗೆ ಇವು ಎರಡನೆಯ ಆಸಕ್ತಿಯ ವಸ್ತುಗಳಾಗುತ್ತವೆ. ಹೀಗೆ ಎರಡು ಕಡೆಯವರ ನಡುವೆ ಉಳಿದ ಕಲ್ಲುಗಳನ್ನು ಓದಬಲ್ಲವರು ಯಾರು? ಕನ್ನಡವನ್ನು ಮನೆಯಲ್ಲಿ ಆಡಿ, ಹಳಗನ್ನಡವನ್ನು ತರಗತಿಯಲ್ಲಿ ಕಲಿತು, ತೆಲುಗನ್ನು ಬೀದಿಯಲ್ಲಿ ಬಳಸುವ ನಮ್ಮಂತಹವರು. ನಾರಾಯಣಪೇಟೆ, ಮಕ್ತಲ್, ಕೃಷ್ಣಾ, ತಾಂಡೂರು, ಜಹೀರಾಬಾದ್ ಸೀಮೆಯ ವಿದ್ಯಾರ್ಥಿಗೆ ಈ ಎರಡು ಭಾಷೆಗಳ ನಡುವಣ ಓಡಾಟ ಹುಟ್ಟಿನಿಂದ ಬಂದದ್ದು.

ಅಪಾಯಗಳು

ಶಾಸನಗಳು ಹಾಳಾಗುವ ಬಗೆಗಳು ಹಲವು. ಕೆಲವು ಅಜ್ಞಾನದಿಂದ, ಕೆಲವು ಭಕ್ತಿಯಿಂದ, ಕೆಲವು ಲಾಭದ ಆಸೆಯಿಂದ. ಶಾಸನದ ಕಲ್ಲು ಬಟ್ಟೆ ಒಗೆಯುವ ಹಾಸುಗಲ್ಲಾಗುತ್ತದೆ, ಗೋಡೆಯ ಕಟ್ಟಡಕ್ಕೆ ಹೋಗುತ್ತದೆ. ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಸುಣ್ಣ ಬಳಿಯುತ್ತಾರೆ, ಎಣ್ಣೆಬಣ್ಣ ಹಚ್ಚುತ್ತಾರೆ, ಮರಳು ಚಿಮ್ಮಿಸಿ ಕಲ್ಲನ್ನು 'ಶುಚಿ' ಮಾಡುತ್ತಾರೆ. ಅಕ್ಷರದ ಅಂಚು ಅದರೊಂದಿಗೆ ಸವೆದುಹೋಗುತ್ತದೆ. ಶಾಸನವೆಂದರೆ ನಿಧಿಯ ಗುರುತು ಎಂಬ ಮೂಢನಂಬಿಕೆಯಿಂದ ಕಲ್ಲನ್ನು ಕಿತ್ತು ಅಗೆಯುವವರೂ ಇದ್ದಾರೆ.

ಕರೀಂನಗರ ಸೀಮೆಯಲ್ಲಿ ಇವೆಲ್ಲಕ್ಕಿಂತ ದೊಡ್ಡ ಅಪಾಯ ಗ್ರಾನೈಟ್ ಗಣಿಗಾರಿಕೆ. ಅಲ್ಲಿನ ಗುಟ್ಟಗಳ ಕಲ್ಲಿಗೆ ದೇಶವಿದೇಶಗಳಲ್ಲಿ ಬೇಡಿಕೆಯಿದೆ. ನಾಡಿನ ಜನರಿಗೆ ಅದರಿಂದ ಕೂಲಿಯೂ ದೊರೆಯುತ್ತದೆ. ಆದ್ದರಿಂದ ಇದನ್ನು ಒಳ್ಳೆಯವರು ಕೆಟ್ಟವರ ಕಥೆಯಾಗಿ ಹೇಳುವುದು ಸರಿಯಲ್ಲ. ಆದರೆ ಗುಟ್ಟವನ್ನು ದಿಮ್ಮಿಗಳಾಗಿ ಕತ್ತರಿಸಿ ಸಾಗಿಸಿದ ಮೇಲೆ ಆ ಗುಟ್ಟ ಮತ್ತೆ ಬಾರದು. ಶಾಸನವಿರುವ ಬಂಡೆಯನ್ನು ಮುಟ್ಟದೆ ಪಕ್ಕದಲ್ಲಿ ಸಿಡಿಮದ್ದು ಇಟ್ಟರೂ ನಡುಕದಿಂದ ಬಂಡೆಯ ಹಳೆಯ ಬಿರುಕುಗಳು ಅಗಲವಾಗುತ್ತವೆ, ಮೇಲ್ಪದರ ಹೆಕ್ಕಳಿಕೆಯಾಗಿ ಕಳಚುತ್ತದೆ. ಅಕ್ಷರಗಳು ಇರುವುದು ಆ ಮೇಲ್ಪದರದಲ್ಲಿಯೇ. ಬೊಮ್ಮಲಗುಟ್ಟದ ಬಗೆಗೂ ಈ ಆತಂಕ ವ್ಯಕ್ತವಾಗಿದೆ. ಇತಿಹಾಸಾಸಕ್ತರು ಅದರ ಪರವಾಗಿ ದನಿ ಎತ್ತಿದ್ದಾರೆ.

ಇದನ್ನು ಆಲಂಪುರದೊಂದಿಗೆ ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಶ್ರೀಶೈಲಂ ಜಲಾಶಯದ ನೀರಿನಲ್ಲಿ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯ ಮುಳುಗುವುದೆಂದು ತಿಳಿದಾಗ ಅದರ ಕಲ್ಲುಗಳನ್ನು ಬಿಡಿಬಿಡಿಯಾಗಿ ಕಳಚಿ ಆಲಂಪುರಕ್ಕೆ ತಂದು ಮತ್ತೆ ಜೋಡಿಸಲಾಯಿತು. ಆಲಂಪುರದ ವಿದ್ವಾಂಸ ಗಡಿಯಾರಂ ರಾಮಕೃಷ್ಣ ಶರ್ಮಾ ಅವರಂತಹವರು ಆ ಊರಿನ ದೇಗುಲಗಳಿಗಾಗಿಯೂ ಶಾಸನಗಳಿಗಾಗಿಯೂ ಬಾಳಿನುದ್ದಕ್ಕೂ ದುಡಿದರು. ಕಟ್ಟಿದ ದೇವಾಲಯವನ್ನು ಕಳಚಬಹುದು, ಏಕೆಂದರೆ ಅದು ಜೋಡಿಸಿದ ಕಲ್ಲುಗಳಿಂದ ಆದದ್ದು. ಗುಟ್ಟದ ಬಂಡೆಯನ್ನು ಹಾಗೆ ಕಳಚಲಾಗದು. ಅದನ್ನು ಇದ್ದ ಎಡೆಯಲ್ಲಿಯೇ ಉಳಿಸಬೇಕು, ಬೇರೆ ದಾರಿಯಿಲ್ಲ.

ಕಾನೂನು ಏನನ್ನು ಕಾಯುತ್ತದೆ?

ರಾಷ್ಟ್ರೀಯ ಪ್ರಾಮುಖ್ಯದ ಸ್ಮಾರಕಗಳಿಗೆ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದ ರಕ್ಷಣೆಯಿದೆ. 2010ರ ತಿದ್ದುಪಡಿಯ ಬಳಿಕ ಅಂತಹ ಸ್ಮಾರಕದ ಸುತ್ತಲಿನ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ರಾಜ್ಯದ ಪಟ್ಟಿಯಲ್ಲಿರುವ ನೆಲೆಗಳಿಗೆ ತೆಲಂಗಾಣದ 2017ರ ಪರಂಪರೆಯ ಅಧಿನಿಯಮ ಅನ್ವಯಿಸುತ್ತದೆ. ಎರಡಕ್ಕೂ ಒಂದು ಸಾಮಾನ್ಯ ಲಕ್ಷಣವಿದೆ: ನೆಲೆಯು ಪಟ್ಟಿಯಲ್ಲಿ ಸೇರಿರಬೇಕು. ಪಟ್ಟಿಯಲ್ಲಿಲ್ಲದ ಶಾಸನ ಕಾನೂನಿನ ಕಣ್ಣಿಗೆ ಬರಿಯ ಕಲ್ಲು. ಪಟ್ಟಿಗೆ ಸೇರಬೇಕಾದರೆ ಅದು ಎಲ್ಲಿದೆ, ಏನಿದೆ, ಏಕೆ ಮುಖ್ಯ ಎಂದು ಯಾರಾದರೂ ಬರೆದು ತಿಳಿಸಿರಬೇಕು. ಆ 'ಯಾರಾದರೂ' ಬಹುಮಟ್ಟಿಗೆ ಆಯಾ ಊರಿನವರೇ ಆಗಿರುತ್ತಾರೆ. ಪುರಾತತ್ತ್ವ ಸಂಘಗಳ ನಿಜವಾದ ಉಪಯೋಗ ಇಲ್ಲಿದೆ. ಸಂಘಕ್ಕೆ ಬಂಡೆಯನ್ನು ಕಾಯುವ ಅಧಿಕಾರವಿಲ್ಲ. ಬಂಡೆಯ ಇರವನ್ನು ದಾಖಲೆಗೆ ತರುವ ಶಕ್ತಿಯಿದೆ.

ನಾವು ಮಾಡಬಹುದಾದದ್ದು

ವಿದ್ಯಾರ್ಥಿಗಳು ಶಾಸನತಜ್ಞರಾಗಬೇಕಾಗಿಲ್ಲ. ಮಸ್ಕಿಯ ಎಂಜಿನಿಯರನೂ ಆಗಿರಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಹನುಮಂತನ ಗುಡಿಯ ಹಿಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಬರಹವಿರುವ ಕಲ್ಲು ಕಂಡರೆ ಈ ಕೆಲವನ್ನು ಮಾಡಬಹುದು.

ಮೊದಲು, ಕಲ್ಲನ್ನು ಅಲ್ಲಿಂದ ಕದಲಿಸಬಾರದು. ಅದು ನಿಂತ ಜಾಗ, ಮುಖಮಾಡಿದ ದಿಕ್ಕು ಇವೂ ದಾಖಲೆಯ ಭಾಗಗಳು. ಅಕ್ಷರ ಕಾಣಲೆಂದು ಸೀಮೆಸುಣ್ಣ, ಬಣ್ಣ, ಎಣ್ಣೆ ಯಾವುದನ್ನೂ ಹಚ್ಚಬಾರದು. ಕಬ್ಬಿಣದ ತಂತಿಯ ಕುಂಚದಿಂದ ಉಜ್ಜಬಾರದು. ಬೆಳಗ್ಗೆ ಇಲ್ಲವೆ ಸಂಜೆ ಓರೆಯಾಗಿ ಬೀಳುವ ಬಿಸಿಲಿನಲ್ಲಿ ಛಾಯಾಚಿತ್ರ ತೆಗೆದರೆ ಅಕ್ಷರದ ತಗ್ಗಿನಲ್ಲಿ ನೆರಳು ನಿಂತು ಬರಹ ತಾನಾಗಿಯೇ ಎದ್ದು ಕಾಣುತ್ತದೆ. ಅಳತೆಗಾಗಿ ಒಂದು ಅಳತೆಪಟ್ಟಿಯನ್ನು ಪಕ್ಕದಲ್ಲಿಡಬೇಕು.

ಎರಡನೆಯದಾಗಿ, ಪಡಿಯಚ್ಚು ತೆಗೆಯುವ ಕೆಲಸವನ್ನು ತಿಳಿದವರಿಗೆ ಬಿಡಬೇಕು. ಆದರೆ ಅದರ ಕ್ರಮ ನಮಗೆ ಗೊತ್ತಿರಬೇಕು. ಕಲ್ಲನ್ನು ನೀರಿನಿಂದ ಮೆಲ್ಲಗೆ ತೊಳೆದು, ಒದ್ದೆ ಕಾಗದವನ್ನು ಹೊದಿಸಿ, ಕುಂಚದಿಂದ ತಟ್ಟಿ ಕೊರೆದ ತಗ್ಗುಗಳೊಳಗೆ ಕೂರಿಸುತ್ತಾರೆ. ಬಳಿಕ ಮಸಿಯನ್ನು ಮೇಲೆ ತಟ್ಟುತ್ತಾರೆ. ಉಬ್ಬು ಭಾಗ ಕಪ್ಪಾಗಿ, ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಕಾಲಾಂತರದಲ್ಲಿ ಕಲ್ಲು ಸವೆದರೂ ಈ ಕಾಗದ ಸಾಕ್ಷಿಯಾಗಿರುತ್ತದೆ. ಹೊಸದಾಗಿ ಕಂಡ ಶಾಸನವನ್ನು ರಾಜ್ಯ ಪುರಾತತ್ತ್ವ ಇಲಾಖೆಗೂ ಮೈಸೂರಿನಲ್ಲಿರುವ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಶಾಸನ ವಿಭಾಗಕ್ಕೂ ಪತ್ರ ಬರೆದು ತಿಳಿಸಬಹುದು.

ಮೂರನೆಯದಾಗಿ, ಊರಿನವರ ಮಾತನ್ನು ಬರೆದುಕೊಳ್ಳಬೇಕು. ಕಲ್ಲಿಗೆ ಅವರಿಟ್ಟ ಹೆಸರು, ಹೇಳುವ ಕಥೆ, ಸುತ್ತಲಿನ ಹೊಲಗದ್ದೆಗಳ ಹಳೆಯ ಹೆಸರು ಇವು ಮುಂದೆ ಬೆಲೆಯುಳ್ಳ ಸುಳಿವುಗಳಾಗುತ್ತವೆ. ವೃಷಭಗಿರಿಯೆಂಬ ಹೆಸರು ಜನರ ನಾಲಿಗೆಯಿಂದ ಮರೆಯಾಗಿತ್ತು. ಆದರೆ ಬೊಮ್ಮಲಗುಟ್ಟ ಎಂಬ ಹೆಸರು ಅಲ್ಲಿ ಮೂರ್ತಿಗಳಿವೆ ಎಂಬ ನೆನಪನ್ನು ಕಾಪಾಡಿಕೊಂಡು ಬಂದಿತು. ಕಲ್ಲು ಯಾರದು, ಅದರಲ್ಲಿ ಏನಿದೆ ಎಂದು ಊರಿನವರಿಗೆ ಅವರ ಭಾಷೆಯಲ್ಲಿ ತಿಳಿಸಿ ಹೇಳುವುದೂ ನಮ್ಮ ಕೆಲಸವೇ. ತಮ್ಮ ಊರಿನ ಕಲ್ಲಿನ ಮಹತ್ತ್ವ ಅರಿತವರು ಅದರ ಮೇಲೆ ಸುತ್ತಿಗೆ ಬೀಳದಂತೆ ನೋಡಿಕೊಳ್ಳುತ್ತಾರೆ. ಇಲಾಖೆಯ ಒಬ್ಬ ಕಾವಲುಗಾರ ಮಾಡಲಾಗದ್ದನ್ನು ಇಡೀ ಊರು ಮಾಡಬಲ್ಲುದು.

ಹಳಗನ್ನಡದ ವ್ಯಾಕರಣ, ಛಂದಸ್ಸುಗಳನ್ನು ಓದುವಾಗ ಇದರಿಂದ ಏನು ಪ್ರಯೋಜನ ಎಂಬ ಪ್ರಶ್ನೆ ನಮ್ಮಲ್ಲಿ ಹಲವರ ಮನಸ್ಸಿನಲ್ಲಿ ಏಳುತ್ತದೆ. ಗಡಿಯಾಚೆಯ ಕನ್ನಡ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಮನೆಯವರಿಂದಲೂ ಎದುರಾಗುತ್ತದೆ. ಕುರಿಕ್ಯಾಲದ ಬಂಡೆ ಅದಕ್ಕೆ ಒಂದು ಉತ್ತರ. ಅಲ್ಲಿನ ಕಂದಪದ್ಯವನ್ನು ಕಂದವೆಂದು ಗುರುತಿಸಲು ಮಾತ್ರಾಗಣ ತಿಳಿದಿರಬೇಕು. 'ಮರ್ಮ' ಎಂದರೆ ಮೊಮ್ಮಗನೆಂದು ಅರಿಯಲು ಹಳಗನ್ನಡ ತಿಳಿದಿರಬೇಕು. ಇವನ್ನು ಬಲ್ಲವರು ಇಲ್ಲದೆ ಹೋಗಿದ್ದರೆ ಅಬ್ಬಣಬ್ಬೆಯ ಹೆಸರು ಇಂದಿಗೂ ಬಂಡೆಯಲ್ಲಿಯೇ ಇರುತ್ತಿತ್ತು, ನಮ್ಮ ಪುಸ್ತಕಗಳಲ್ಲಿ ಇರುತ್ತಿರಲಿಲ್ಲ. ಮುಂದಿನ ರಜೆಯಲ್ಲಿ ನಿಮ್ಮ ಊರಿನ ಕಲ್ಲುಗಳ ಬಳಿಗೆ ಒಮ್ಮೆ ಹೋಗಿ ಬನ್ನಿ. ಕಂಡದ್ದನ್ನು ಬರೆದು ವಿಭಾಗಕ್ಕೆ ತಂದುಕೊಡಿ. ಓದುವ ಕೆಲಸವನ್ನು ನಾವೆಲ್ಲ ಕೂಡಿ ಮಾಡೋಣ.